ಪದವಿ ಬಂತು, ಪಾಸ್‌ವರ್ಡ್ ಹೋಯಿತು

ಪದವಿ ಮುಗಿಸಿದ ವಿದ್ಯಾರ್ಥಿ ಕಾಲೇಜಿನಿಂದ ವರ್ಗಾವಣೆ ಪತ್ರ ಪಡೆಯುವ ಮೊದಲು ಗ್ರಂಥಾಲಯದ ‘ನೋ ಡ್ಯೂ’ ಚೀಟಿ ತರಬೇಕು. ಪುಸ್ತಕವೆಲ್ಲ ವಾಪಸಾಗಿದೆ, ದಂಡ ಬಾಕಿಯಿಲ್ಲ, ಕಾರ್ಡು ಒಪ್ಪಿಸಿದ್ದಾಯಿತು ಎಂದು ಗ್ರಂಥಪಾಲಕರು ಸಹಿ ಹಾಕಿದರೆ ಲೆಕ್ಕ ಚುಕ್ತಾ. ಒಂದು ಕಾಲಕ್ಕೆ ಈ ಸಹಿಯಿಂದ ಕೈತಪ್ಪುತ್ತಿದ್ದದ್ದು ಕಪಾಟಿನಲ್ಲಿದ್ದ ಪುಸ್ತಕಗಳು ಮಾತ್ರ. ಈಗ ಅದರ ಜೊತೆಗೆ ಒಂದು ಪಾಸ್‌ವರ್ಡೂ ಹೋಗುತ್ತದೆ. ಅದರ ಹಿಂದೆ ಸಾವಿರಾರು ಸಂಶೋಧನಾ ನಿಯತಕಾಲಿಕಗಳೂ ಲಕ್ಷಗಟ್ಟಲೆ ಇ-ಪುಸ್ತಕಗಳೂ ಇರುತ್ತವೆ.

ಕಾರಣ ಸರಳ. ಪ್ರಕಾಶಕರು ಚಂದಾ ಒಪ್ಪಂದ ಮಾಡಿಕೊಳ್ಳುವುದು ಸಂಸ್ಥೆಯೊಂದಿಗೆ. ಓದುವ ಹಕ್ಕು ಸಿಗುವುದು ಆ ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಹೆಸರು ಕಳಚಿದ ದಿನ ಹಕ್ಕೂ ಕಳಚುತ್ತದೆ. ಆಮೇಲೂ ಓದಲೇಬೇಕೆಂದರೆ ದೊಡ್ಡ ಪ್ರಕಾಶಕರು ಒಂದೇ ಒಂದು ಲೇಖನಕ್ಕೆ 30ರಿಂದ 40 ಡಾಲರ್ ಕೇಳುತ್ತಾರೆ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹತ್ತು ಪುಟದ ಒಂದು ಲೇಖನಕ್ಕೆ ಒಂದು ವಾರಕ್ಕೂ ಮೀರಿದ ಕೂಲಿ ಕೊಡಬೇಕು.

ಈ ತೊಡಕು ಎಲ್ಲ ಜಿಲ್ಲೆಗಳಲ್ಲೂ ಇದೆ. ಆದರೆ ರಾಯಚೂರು ಸೀಮೆಯಲ್ಲಿ ಅದರ ಭಾರ ಹೆಚ್ಚು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56. ಅದಕ್ಕಿಂತ ಕೆಳಗಿದ್ದದ್ದು ಯಾದಗಿರಿಯೊಂದೇ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಇಂಥ ಕಡೆ ಪದವಿ ಪಡೆದವರು ಎಷ್ಟೋ ಮನೆಗಳಲ್ಲಿ ಮೊದಲ ತಲೆಮಾರಿನವರು. ಅವರ ಮನೆಯಲ್ಲಿ ಪುಸ್ತಕದ ಕಪಾಟಿರುವುದಿಲ್ಲ. ಯಾವ ಗ್ರಂಥಾಲಯಕ್ಕೆ ಹೋಗಬೇಕು, ಯಾರಿಗೆ ಬರೆಯಬೇಕು ಎಂದು ಹೇಳಿಕೊಡುವ ಹಿರಿಯರಿರುವುದಿಲ್ಲ. ಕಾಲೇಜಿನ ಬಾಗಿಲು ಮುಚ್ಚಿದರೆ ಅವರ ಪಾಲಿಗೆ ಎಲ್ಲ ಬಾಗಿಲೂ ಮುಚ್ಚಿದಂತೆಯೇ.

ಗೋಡೆಯ ಒಳಗೆ, ಗೋಡೆಯ ಹೊರಗೆ

ರಾಯಚೂರು ನಗರಕ್ಕೆ ವಿದ್ಯಾಸಂಸ್ಥೆಗಳ ಕೊರತೆ ಈಗ ಮೊದಲಿನಂತಿಲ್ಲ. 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ರಿಮ್ಸ್ ಬಂತು. ಧಾರವಾಡದಿಂದ ಬೇರ್ಪಟ್ಟು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ 2008–09ರಲ್ಲಿ ಸ್ವತಂತ್ರವಾಯಿತು. 2019ರಲ್ಲಿ ಐಐಐಟಿ ಶುರುವಾಯಿತು. ಗುಲ್ಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಯರಗೇರಾದಲ್ಲಿ ರಾಯಚೂರು, ಯಾದಗಿರಿ ಜಿಲ್ಲೆಗಳಿಗಾಗಿ ಪ್ರತ್ಯೇಕ ವಿಶ್ವವಿದ್ಯಾಲಯ 2020–21ರಲ್ಲಿ ಸ್ಥಾಪನೆಯಾಯಿತು; ಈಗ ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರು. ಒಂದೂವರೆ ದಶಕದೊಳಗೆ ನಾಲ್ಕು ದೊಡ್ಡ ಸಂಸ್ಥೆಗಳು ಬಂದಂತಾಯಿತು.

ಪ್ರತಿಯೊಂದಕ್ಕೂ ತನ್ನದೇ ಮಾಹಿತಿಯ ಕಾಲುವೆ ಇದೆ. ಕೃಷಿ ವಿಶ್ವವಿದ್ಯಾಲಯಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2007ರಲ್ಲಿ ಆರಂಭಿಸಿದ ‘ಸೆರಾ’ ಒಕ್ಕೂಟದ ಮೂಲಕ ನಿಯತಕಾಲಿಕಗಳು ಬರುತ್ತ ಬಂದಿವೆ. ವೈದ್ಯಕೀಯ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ‘ಹೆಲಿನೆಟ್’ ಇದೆ. ಪದವಿ ಕಾಲೇಜುಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಎನ್-ಲಿಸ್ಟ್’ ಯೋಜನೆ ಆರು ಸಾವಿರಕ್ಕೂ ಹೆಚ್ಚು ನಿಯತಕಾಲಿಕಗಳನ್ನು ಒದಗಿಸುತ್ತ ಬಂದಿದೆ. ಈ ಯಾವ ಕಾಲುವೆಯ ನೀರೂ ಗೋಡೆಯಾಚೆ ಹರಿಯುವುದಿಲ್ಲ.

ಗೋಡೆಯಾಚೆ ನಿಂತವರು ಯಾರು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಕೃಷಿ ಪದವೀಧರರು ಮೊದಲ ಸಾಲಿನಲ್ಲಿ ಬರುತ್ತಾರೆ. ಸವಳು–ಜವಳಿನ ಹೊಲಕ್ಕೆ ಏನು ಮಾಡಬೇಕೆಂದು ರೈತರು ದಿನಾ ಕೇಳುವುದು ಅವರನ್ನೇ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ಬೆಳೆಯ ಚಹರೆಯೇ ಬದಲಾದ ದೇವದುರ್ಗದಲ್ಲೂ ಇದೇ ಮಾತು. ಎರಡನೆಯವರು ತಾಲ್ಲೂಕು ಆಸ್ಪತ್ರೆಗಳ ವೈದ್ಯರು. ಚಿಕಿತ್ಸೆಯ ಹೊಸ ಮಾರ್ಗಸೂಚಿ ಓದುವ ಅಗತ್ಯ ಅವರಿಗೆ ವಿದ್ಯಾರ್ಥಿ ದೆಸೆಯಲ್ಲಿದ್ದುದಕ್ಕಿಂತ ಈಗಲೇ ಹೆಚ್ಚು. ಮೂರನೆಯವರು ಅತಿಥಿ ಉಪನ್ಯಾಸಕರು. ಪಾಠ ಮಾಡುವ ತಿಂಗಳಲ್ಲಿ ಸಂಸ್ಥೆಯವರು, ರಜೆ ಬಂದರೆ ಹೊರಗಿನವರು. ನೆಟ್, ಕೆ-ಸೆಟ್ ಪರೀಕ್ಷೆಗೆ ಓದುವುದೂ ಪಿಎಚ್‌.ಡಿ.ಗೆ ವಿಷಯ ಹುಡುಕುವುದೂ ಆ ರಜೆಯಲ್ಲೇ. ನಾಲ್ಕನೆಯವರು ಯಾವ ಸಂಸ್ಥೆಯ ಲೆಕ್ಕಕ್ಕೂ ಸಿಗದವರು: ಊರಿನ ಶಾಸನ, ದೇವಾಲಯ, ದಾಸರ ಕೃತಿಗಳನ್ನು ತಮ್ಮ ಪಾಡಿಗೆ ಅಧ್ಯಯನ ಮಾಡುವ ಶಾಲಾ ಶಿಕ್ಷಕರು, ವಕೀಲರು, ನಿವೃತ್ತ ನೌಕರರು.

ಕರ್ನಾಟಕದ ಸ್ಥಳೀಯ ಇತಿಹಾಸದಲ್ಲಿ ಈ ನಾಲ್ಕನೆಯ ಗುಂಪಿನ ಕೊಡುಗೆ ಸಣ್ಣದಲ್ಲ. ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ಹರಿದಾಸ ಸಾಹಿತ್ಯದ ಸಂಪುಟಗಳನ್ನು ಸಂಪಾದಿಸಿ ಪ್ರಕಟಿಸಿದ್ದು ವಿಶ್ವವಿದ್ಯಾಲಯದ ಆಸರೆಯಿಂದಲ್ಲ, ಊರಿನಲ್ಲೇ ಕಟ್ಟಿದ ಸಾಹಿತ್ಯ ಮಂಡಲದಿಂದ.

ನೆಲ ಇಲ್ಲಿ, ದಾಖಲೆ ಅಲ್ಲಿ

ರಾಯಚೂರಿನ ಬಗ್ಗೆ ಓದಬೇಕೆನ್ನುವವರಿಗೆ ಮತ್ತೊಂದು ತೊಂದರೆ ಇದೆ. ಈ ಸೀಮೆಯ ದಾಖಲೆಗಳು ಈ ಸೀಮೆಯಲ್ಲಿಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. ನಡುವೆ 1853ರಿಂದ 1860ರವರೆಗೆ ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಇಲ್ಲಿನ ಕಂದಾಯ, ಶಿಕ್ಷಣ, ಪುರಾತತ್ತ್ವದ ಕಾಗದಪತ್ರಗಳು ಉರ್ದು, ಪಾರಸಿ, ಇಂಗ್ಲಿಷಿನಲ್ಲಿ ಹೈದರಾಬಾದಿಗೆ ಸೇರಿದವು.

ಮಸ್ಕಿಯನ್ನೇ ನೋಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆಯ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇತ್ತು. ಶಾಸನಗಳ ಅರಸ ಅಶೋಕನೇ ಎಂದು ಖಚಿತವಾಗಲು ಅದು ನೆರವಾಯಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಬರೆದ ಪುಸ್ತಿಕೆ ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಖ್ಯೆಯಾಗಿ ಅಚ್ಚಾಯಿತು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ನಡೆಸಿದ ಉತ್ಖನನದ ವರದಿ ಬಂದದ್ದು ‘ಏನ್ಷಿಯಂಟ್ ಇಂಡಿಯಾ’ದ 1957ರ ಸಂಚಿಕೆಯಲ್ಲಿ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ಅಗೆದದ್ದು ಹೈದರಾಬಾದ್ ರಾಜ್ಯದ ಕಾಲದಲ್ಲಿ. ವರದಿ ಪ್ರಕಟವಾಗುವ ಹೊತ್ತಿಗೆ, 1960ರಲ್ಲಿ, ಊರು ಮೈಸೂರು ರಾಜ್ಯಕ್ಕೆ ಸೇರಿತ್ತು, ಪುಸ್ತಕ ಮಾತ್ರ ಆಂಧ್ರಪ್ರದೇಶ ಸರ್ಕಾರದ್ದಾಗಿತ್ತು. ರಾಯಚೂರು ಕೋಟೆಯ 41 ಅಡಿ ಉದ್ದದ ಕಲ್ಲಿನ ಮೇಲೆ 1294ರ ಶಾಸನ ಇವತ್ತಿಗೂ ನಗರದ ನಡುವೆಯೇ ಇದೆ. ಕೋಟೆಯ ವಾಸ್ತುವನ್ನೂ ಚರ್ಚಿಸುವ, ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಬರೆದ ಗ್ರಂಥ 2014ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಅದರ ಬೆಲೆ ಸಾಮಾನ್ಯ ಓದುಗರ ಕೈಗೆ ನಿಲುಕುವಂಥದ್ದಲ್ಲ.

ಓದುವ ಹಂಬಲವಂತೂ ಈ ಊರಿಗೆ ಹಳೆಯದು. ಪಂಡಿತ ತಾರಾನಾಥರು 1920ರ ದಶಕದ ಆರಂಭದಲ್ಲಿ ಇಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಬೋಧನ ಭಾಷೆಯಾಗಿದ್ದ ಕಾಲದಲ್ಲಿ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 2016ರ ಡಿಸೆಂಬರಿನಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೇ ಸಮ್ಮೇಳನವೂ ಇಲ್ಲೇ ಆಯಿತು.

ಬೀಗವಿಲ್ಲದ ಬಾಗಿಲುಗಳು

ಹಾಗೆಂದು ಎಲ್ಲವೂ ಮುಚ್ಚಿಲ್ಲ. ಪದವಿ ಮುಗಿಸಿದವರಿಗೆ ಯಾವ ಗುರುತಿನ ಚೀಟಿಯೂ ಬೇಡದ ದಾರಿಗಳು ಹತ್ತು ವರ್ಷಗಳಲ್ಲಿ ಸಾಕಷ್ಟು ಹೆಚ್ಚಿವೆ. ಕಾಲೇಜಿನಲ್ಲಿ ಇವುಗಳ ಬಗ್ಗೆ ಹೇಳುವವರು ಕಡಿಮೆ.

ಮೊದಲನೆಯದು ಮಹಾಪ್ರಬಂಧಗಳ ಭಂಡಾರ ‘ಶೋಧಗಂಗಾ’. ಪಿಎಚ್‌.ಡಿ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲೂ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಇನ್‌ಫ್ಲಿಬ್‌ನೆಟ್ ಇದನ್ನು ಕಟ್ಟಿತು. ಲಾಗಿನ್ ಬೇಡ, ಹಣ ಬೇಡ. ಗುಲ್ಬರ್ಗಾ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಈ ಭಾಗದ ಬಗ್ಗೆ ಕನ್ನಡದಲ್ಲೇ ಬರೆದ ಪ್ರಬಂಧಗಳೂ ಅಲ್ಲಿ ಸಿಗುತ್ತವೆ. ಹುಡುಕುವುದರಲ್ಲಿ ಮಾತ್ರ ಒಂದು ಉಪಾಯ ಬೇಕು. ಕನ್ನಡ ಪ್ರಬಂಧಗಳ ಶೀರ್ಷಿಕೆಗಳನ್ನು ಬಹಳ ಕಡೆ ರೋಮನ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಬಗೆಯ ಕಾಗುಣಿತದಲ್ಲಿ ನಮೂದಿಸಿದ್ದಾರೆ. ರಾಯಚೂರು, ಮಾನ್ವಿ, ದೇವದುರ್ಗಗಳನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟು ಬಗೆಯಲ್ಲೂ ಹಾಕಿ ನೋಡಬೇಕು. ಪುಟಗಳು ಬರೀ ಚಿತ್ರರೂಪದಲ್ಲಿದ್ದರೆ ಒಳಗಿನ ಪದ ಹುಡುಕಲಾಗದು. ಅಧ್ಯಾಯದ ಪಟ್ಟಿ ನೋಡಿಯೇ ಮುಂದುವರಿಯಬೇಕು. ಒಳ್ಳೆಯ ಪ್ರಬಂಧದ ಗ್ರಂಥಋಣ ಪಟ್ಟಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕೃಷಿಯವರಿಗೆ ಇದರ ಜೋಡಿ ‘ಕೃಷಿಕೋಶ್’. ದೇಶದ ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ., ಪಿಎಚ್‌.ಡಿ. ಪ್ರಬಂಧಗಳು ಇಲ್ಲಿವೆ, ಬಹಳಷ್ಟನ್ನು ಪೂರ್ತಿ ಓದಬಹುದು. ತೊಗರಿ, ಹತ್ತಿ, ಭತ್ತ, ಮೆಣಸಿನಕಾಯಿ ಕುರಿತು ರಾಯಚೂರು, ಧಾರವಾಡದಲ್ಲಿ ನಡೆದ ಪ್ರಯೋಗಗಳನ್ನು ಮಾನ್ವಿಯ ಅಂಗಡಿಯಲ್ಲಿ ಕೂತು ತೆರೆಯಬಹುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಅಮೆರಿಕದ ನಿಯತಕಾಲಿಕಕ್ಕಿಂತ ಅಂಥ ಪ್ರಯೋಗದ ಫಲಿತಾಂಶವೇ ಹತ್ತಿರದ್ದು.

ವೈದ್ಯರಿಗೆ ಅಮೆರಿಕದ ಸರ್ಕಾರಿ ವೈದ್ಯಕೀಯ ಗ್ರಂಥಾಲಯ 2000ದಲ್ಲಿ ಆರಂಭಿಸಿದ ‘ಪಬ್‌ಮೆಡ್ ಸೆಂಟ್ರಲ್’ ಇದೆ; ಅಲ್ಲಿರುವುದೆಲ್ಲ ಪೂರ್ಣಪಾಠ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನದವರಿಗೆ 1991ರಿಂದ ‘ಆರ್‌ಕೈವ್’ ಇದೆ. ವಕೀಲರಿಗೆ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತನ್ನ ತೀರ್ಪುಗಳ ‘ಇ-ಎಸ್‌ಸಿಆರ್’ ತಾಣವನ್ನು ಉಚಿತವಾಗಿ ತೆರೆಯಿತು. ಮಾನವಿಕ, ಸಮಾಜವಿಜ್ಞಾನದವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ‘ಜೆಸ್ಟೋರ್’. ಅಲ್ಲಿ ಸ್ವಂತ ಇಮೇಲಿನಿಂದ ನೋಂದಾಯಿಸಿಕೊಂಡವರು ತಿಂಗಳಿಗೆ ನೂರು ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ಇಳಿಸಿಕೊಳ್ಳಲು ಮಾತ್ರ ಆಗದು. ಲೇಖನ ಎಲ್ಲೂ ಸಿಗದಿದ್ದರೆ ಅದರ ಲೇಖಕರಿಗೇ ನಾಲ್ಕು ಸಾಲು ಬರೆಯುವುದು ಹಳೆಯ ಪದ್ಧತಿ. ಲೇಖನ ಮಾರಿ ಬರುವ ದುಡ್ಡಿನಲ್ಲಿ ಲೇಖಕರಿಗೆ ಪಾಲಿಲ್ಲ. ಓದುಗರೊಬ್ಬರು ಕೇಳಿದರೆಂಬ ಸಂತೋಷಕ್ಕೆ ಪ್ರತಿ ಕಳಿಸುವವರು ಅನೇಕರು.

ವಿಕಿಪೀಡಿಯದ ದಾರಿ ಇನ್ನೂ ವಿಶೇಷವಾದದ್ದು. ಕನ್ನಡವೂ ಸೇರಿ ಯಾವುದೇ ವಿಕಿಪೀಡಿಯದಲ್ಲಿ ಆರು ತಿಂಗಳು ಹಳೆಯ ಖಾತೆ, ಐನೂರು ಸಂಪಾದನೆ, ಕಳೆದ ತಿಂಗಳಲ್ಲಿ ಹತ್ತು ಸಂಪಾದನೆ ಇದ್ದವರಿಗೆ ‘ವಿಕಿಪೀಡಿಯ ಲೈಬ್ರರಿ’ ತೆರೆಯುತ್ತದೆ. ದುಬಾರಿ ಪ್ರಕಾಶಕರ ಹಲವು ಭಂಡಾರಗಳು ಅದರೊಳಗೆ ಉಚಿತ. ಮೊಸರಕಲ್ಲಿನ ಗೋಪಾಲದಾಸರ ಬಗ್ಗೆಯೋ ಗಬ್ಬೂರಿನ ದೇವಾಲಯಗಳ ಬಗ್ಗೆಯೋ ಕನ್ನಡ ವಿಕಿಪೀಡಿಯದಲ್ಲಿ ಸಾಲು ಸೇರಿಸುತ್ತ ಹೋದವರಿಗೆ ವಿಶ್ವವಿದ್ಯಾಲಯ ಕೊಡದ ಸವಲತ್ತು ಹೀಗೆ ಸಿಗುತ್ತದೆ.

ಇವೆಲ್ಲ ಕಾನೂನಿನೊಳಗಿನ ದಾರಿಗಳು. ‘ಸೈ-ಹಬ್’ ಎಂಬ ಅಡ್ಡದಾರಿಯನ್ನು ದೇಶದ ಸಂಶೋಧಕರು ವರ್ಷಗಟ್ಟಲೆ ಬಳಸಿದರು. ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರಿನಲ್ಲಿ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಅದನ್ನು ತಡೆಹಿಡಿಯಲು ಆದೇಶಿಸಿತು. ಅದೇ ಹೈಕೋರ್ಟ್ 2016ರಲ್ಲಿ ರಾಮೇಶ್ವರಿ ಫೋಟೊಕಾಪಿ ಪ್ರಕರಣದಲ್ಲಿ ಪಾಠಕ್ಕಾಗಿ ಜೆರಾಕ್ಸ್ ಮಾಡುವುದನ್ನು ಎತ್ತಿಹಿಡಿದಿತ್ತು. ಖಾಸಗಿ ಸಂಶೋಧನೆಗಾಗಿ ನ್ಯಾಯೋಚಿತ ಬಳಕೆ ಮಾಡಿಕೊಳ್ಳುವ ಅವಕಾಶ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೇ ಇದೆ.

ಕನ್ನಡದ ಓದಿಗೆ

ಮೇಲೆ ಹೇಳಿದ ಬಾಗಿಲುಗಳ ಹಿಂದಿರುವುದು ಹೆಚ್ಚಾಗಿ ಇಂಗ್ಲಿಷ್. ಕನ್ನಡದ ಓದುಗರಿಗೆ ಬೇರೆ ನಕ್ಷೆ ಬೇಕು.

ಹಳೆಯ ಕನ್ನಡ ಪುಸ್ತಕಗಳ ದೊಡ್ಡ ರಾಶಿ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಅವುಗಳಲ್ಲಿ ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಗುರುತು ಕಾಣುತ್ತದೆ. ಹಿಂದೆ ಹೈದರಾಬಾದು ಸೇರಿದ ಕನ್ನಡ ಪುಸ್ತಕಗಳು ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸ್ಕ್ಯಾನ್ ಆಗಿ, ರಾಯಚೂರಿನವರ ಮೊಬೈಲಿಗೆ ಮರಳಿ ಬಂದಿವೆ. ಹೆಸರಿಲ್ಲದೆ ಬಿದ್ದಿದ್ದ ಇಂಥ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕುವಂತೆ ಮಾಡಿದ್ದು ಬೆಂಗಳೂರಿನ ‘ಸಂಚಯ’ ತಂಡ. ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಇನ್ನಷ್ಟು ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಸೇರಿಸುತ್ತಲೇ ಇದೆ. ಲೇಖಕರು ತೀರಿಕೊಂಡು 60 ವರ್ಷವಾದ ಕೃತಿಗಳಿಗೆ ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ.

ದಾಸಸಾಹಿತ್ಯದ ನಕ್ಷೆಯಲ್ಲಿ ಮಾನ್ವಿ, ದೇವದುರ್ಗಗಳ ಜಾಗ ದೊಡ್ಡದು. ವಿಜಯದಾಸರ ಚೀಕಲಪರ್ವಿ, ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಈ ಕೃತಿಗಳ ಹಳೆಯ ಆವೃತ್ತಿಗಳು ಈಗ ಬೆರಳ ತುದಿಯಲ್ಲಿವೆ. ಆದರೆ ಅವುಗಳ ಮೇಲೆ ನಡೆದ ಚರ್ಚೆ ಓದಬೇಕೆಂದರೆ ತೊಡಕು ಶುರು. ನೂರು ವರ್ಷ ದಾಟಿದ ‘ಪ್ರಬುದ್ಧ ಕರ್ನಾಟಕ’, ಕರ್ನಾಟಕ ಇತಿಹಾಸ ಅಕಾಡೆಮಿಯ ‘ಇತಿಹಾಸ ದರ್ಶನ’, ಕನ್ನಡ ವಿಶ್ವವಿದ್ಯಾಲಯದ ನಿಯತಕಾಲಿಕಗಳು, ಜಿಲ್ಲಾವಾರು ಶಾಸನ ಸಂಪುಟಗಳು, ಅಭಿನಂದನ ಗ್ರಂಥಗಳು ಇವುಗಳಿಗೆ ಒಟ್ಟಾರೆ ಸೂಚಿಯಿಲ್ಲ. ಗೂಗಲ್ ಸ್ಕಾಲರ್ ಕಣ್ಣಿಗೆ ಇವುಗಳಲ್ಲಿ ಹೆಚ್ಚಿನವು ಬೀಳುವುದೇ ಇಲ್ಲ. ಇಂಗ್ಲಿಷ್ ಲೇಖನ ಸಿಗದಿರುವುದಕ್ಕೆ ಹಣ ಕಾರಣ, ಕನ್ನಡ ಲೇಖನ ಸಿಗದಿರುವುದಕ್ಕೆ ಸೂಚಿಯ ಕೊರತೆ ಕಾರಣ.

ಅನುವಾದದಲ್ಲಿ ಓದುವವರಿಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ ತಾಣದಲ್ಲಿ ಶಿಕ್ಷಣ, ಸಮಾಜವಿಜ್ಞಾನದ ಬರಹಗಳು ಕನ್ನಡದಲ್ಲಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ತೆರೆದ ‘ಭಾರತವಾಣಿ’ಯಲ್ಲಿ ನಿಘಂಟುಗಳು ಸಿಗುತ್ತವೆ.

ಸರ್ಕಾರಿ ದಾಖಲೆಗಳನ್ನಂತೂ ಮರೆಯುವಂತಿಲ್ಲ. 1970ರ ರಾಯಚೂರು ಜಿಲ್ಲಾ ಗ್ಯಾಸೆಟಿಯರ್, ಜನಗಣತಿಯ ಜಿಲ್ಲಾ ಕೈಪಿಡಿಗಳು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಅಂಕಿಅಂಶಗಳನ್ನು ಬಿಟ್ಟು ಈ ಸೀಮೆಯ ಬಗ್ಗೆ ಗಂಭೀರವಾಗಿ ಏನನ್ನೂ ಬರೆಯಲಾಗದು. 1520ರ ರಾಯಚೂರು ಯುದ್ಧದ ಪೋರ್ಚುಗೀಸ್ ವೃತ್ತಾಂತವನ್ನು ಒಳಗೊಂಡ ರಾಬರ್ಟ್ ಸಿವೆಲ್ ಅವರ 1900ರ ಗ್ರಂಥ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಮೂಲ ಕಡತಗಳೇ ಬೇಕೆನ್ನುವವರು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಅಫ್ಜಲ್‌ಗಂಜ್‌ನಲ್ಲಿ 1891ರ ಆಸಫಿಯಾ ಗ್ರಂಥಾಲಯ ರಾಜ್ಯ ಕೇಂದ್ರ ಗ್ರಂಥಾಲಯವಾಗಿ ಇಂದಿಗೂ ನಡೆಯುತ್ತಿದೆ. ಬೆಂಗಳೂರು ರಾಯಚೂರಿಗೆ 400 ಕಿ.ಮೀ. ದೂರ, ಹೈದರಾಬಾದು ಅದರ ಅರ್ಧ.

ಊರ ಗ್ರಂಥಾಲಯ ಎಲ್ಲಿ ನಿಂತಿದೆ?

ಇಷ್ಟೆಲ್ಲ ದಾರಿಗಳಿಗೂ ಮೊಬೈಲು, ಡೇಟಾ, ಇಂಗ್ಲಿಷ್, ಹುಡುಕುವ ಜಾಣ್ಮೆ ಬೇಕು. ನಾಲ್ಕೂ ಇಲ್ಲದವರ ಪರವಾಗಿ ನಿಲ್ಲಬೇಕಾದದ್ದು ಸಾರ್ವಜನಿಕ ಗ್ರಂಥಾಲಯ. ಕಾನೂನಿನ ಬಲ ಅದಕ್ಕೆ ಹಳೆಯದು. ಹೈದರಾಬಾದ್ ರಾಜ್ಯ 1955ರಲ್ಲೇ ಗ್ರಂಥಾಲಯ ಕಾಯ್ದೆ ಮಾಡಿತ್ತು. ಏಕೀಕರಣದ ನಂತರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇಡೀ ರಾಜ್ಯಕ್ಕೆ ಬಂತು. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡುವ ವ್ಯವಸ್ಥೆ ಅದರಲ್ಲಿದೆ.

ಓದುಗರು ಗಮನಿಸಬೇಕಾದದ್ದು ಈ ಆರು ಪೈಸೆಯ ಗುಣ. ಆಸ್ತಿ ತೆರಿಗೆ ಹೆಚ್ಚು ಬರುವ ಊರಿನಲ್ಲಿ ಗ್ರಂಥಾಲಯಕ್ಕೆ ಹಣ ಹೆಚ್ಚು, ಕಡಿಮೆ ಬರುವಲ್ಲಿ ಕಡಿಮೆ. ಬೆಂಗಳೂರಿನ ಬಡಾವಣೆಯೊಂದಕ್ಕೂ ದೇವದುರ್ಗ ಪಟ್ಟಣಕ್ಕೂ ದರ ಒಂದೇ, ಫಲ ಬೇರೆ. ಪುಸ್ತಕದ ಹಸಿವು ಎಲ್ಲಿ ಹೆಚ್ಚೋ ಅಲ್ಲೇ ದುಡ್ಡು ಕಡಿಮೆ ಬೀಳುವಂತೆ ಕಾಯ್ದೆಯೇ ಲೆಕ್ಕ ಹಾಕಿಟ್ಟಿದೆ. 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಬರುವ ವಿಶೇಷ ಅನುದಾನದಲ್ಲಿ ರಸ್ತೆ, ಕಟ್ಟಡಗಳ ಜೊತೆ ಪುಸ್ತಕ, ಪತ್ರಿಕೆಗಳಿಗೂ ಪಾಲು ಇರಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಆಡಳಿತವೂ ಎರಡು ಹೋಳಾಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿಗಳ 5,600ಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು. ಈಗ ಅವು ‘ಅರಿವು ಕೇಂದ್ರ’. ಮಕ್ಕಳ ಓದಿಗೆ ಅವುಗಳಿಂದ ಒಳ್ಳೆಯ ಕೆಲಸವಾಗಿದೆ. ಜಿಲ್ಲಾ ಕೇಂದ್ರ, ತಾಲ್ಲೂಕು ಪಟ್ಟಣಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಉಳಿದವು. ಅಲ್ಲಿನ ವಾಚನಾಲಯಗಳನ್ನು ಇಂದು ತುಂಬುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಅವರ ಅಗತ್ಯ ನಿಜವಾದದ್ದೇ. ಆದರೆ ಅಂಗಳ ಪೂರ್ತಿ ಗೈಡುಗಳಿಗೆ ಹೋದರೆ ಸಂಶೋಧನೆಯ ಓದುಗರು ಮಕ್ಕಳ ಕೇಂದ್ರಕ್ಕೂ ಸೇರದೆ, ಪರೀಕ್ಷೆಯ ಹಾಲ್‌ಗೂ ಸೇರದೆ ನಡುವೆ ಉಳಿಯುತ್ತಾರೆ.

2020ರಲ್ಲಿ ಇಲಾಖೆ ‘ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ’ ತೆರೆಯಿತು. ಸದಸ್ಯತ್ವ ಉಚಿತ. ಐಐಟಿ ಖರಗ್‌ಪುರ ಕಟ್ಟಿದ ‘ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ’ 2018ರಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. ಇಗ್ನೊದ ಪಾಠಗಳು ‘ಇ-ಜ್ಞಾನಕೋಶ್‌’ನಲ್ಲಿವೆ. ಮೂರೂ ಪಠ್ಯದ ಓದಿಗೆ ಗಟ್ಟಿ ಆಸರೆ. ಚಂದಾ ಬೇಕಾದ ಹೊಸ ಸಂಶೋಧನಾ ಲೇಖನಗಳಿಗೆ ಮಾತ್ರ ಇವು ಉತ್ತರವಲ್ಲ.

ಎಲ್ಲರಿಗೂ ಎಂದು ಹೊರಟದ್ದು

ಉತ್ತರವಾಗಬಹುದಾಗಿದ್ದ ಯೋಜನೆಯೊಂದಿದೆ: ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’. 2020ರ ಕೊನೆಯಲ್ಲಿ ಹೊರಬಂದ ವಿಜ್ಞಾನ, ತಂತ್ರಜ್ಞಾನ ನೀತಿಯ ಕರಡಿನಲ್ಲಿ ಈ ಕಲ್ಪನೆ ಕಂಡಾಗ ಮಾತು ಸ್ಪಷ್ಟವಾಗಿತ್ತು: ಸರ್ಕಾರ ಒಟ್ಟಾಗಿ ಹಣ ಕಟ್ಟಿ ದೇಶದ ಪ್ರತಿಯೊಬ್ಬರಿಗೂ ನಿಯತಕಾಲಿಕ ಓದುವ ಹಕ್ಕು ಪಡೆಯುವುದು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಯೋಜನೆಯ ಗಾತ್ರ ದೊಡ್ಡದೇ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿ–ಅಧ್ಯಾಪಕರು. 2025ರ ಜನವರಿಯಲ್ಲಿ ಅದು ಜಾರಿಗೆ ಬಂತು. ಸರ್ಕಾರಿ ವಿದ್ಯಾಸಂಸ್ಥೆಗಳ ಒಳಗಿರುವವರಿಗೆ, ದೂರದ ಊರಿನ ಪದವಿ ಕಾಲೇಜುಗಳಿಗೂ ಸೇರಿ, ಇದು ದೊಡ್ಡ ಲಾಭ.

ಆದರೆ ‘ಪ್ರತಿಯೊಬ್ಬರಿಗೂ’ ಎಂಬುದು ‘ಸಂಸ್ಥೆಯೊಳಗಿನ ಪ್ರತಿಯೊಬ್ಬರಿಗೂ’ ಎಂದಾಯಿತು. ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲರಿಗೂ ತೆರೆಯುವ ಮಾತನ್ನು ಮುಂದಿನ ಹಂತಕ್ಕೆ ಇಡಲಾಗಿದೆ. ಹಣ ಕಟ್ಟಿದ್ದು ತೆರಿಗೆದಾರರು; ಅವರಲ್ಲಿ ಕ್ಯಾಂಪಸ್ಸಿನ ಹೊರಗಿರುವವರೇ ಹೆಚ್ಚು.

ಬೇರೆ ದೇಶಗಳಲ್ಲಿ ಇದು ಆಗಿದೆ. ಐಸ್‌ಲೆಂಡ್ ಎರಡು ದಶಕಗಳಿಂದ ಇಡೀ ದೇಶದ ನಿವಾಸಿಗಳಿಗೆ ಚಂದಾ ನಿಯತಕಾಲಿಕಗಳನ್ನು ತೆರೆದಿಟ್ಟಿದೆ. ಅದು ಚಿಕ್ಕ, ಶ್ರೀಮಂತ ದೇಶ ಎನ್ನಬಹುದು. ಈಜಿಪ್ಟ್ ಹಾಗಲ್ಲ, ಅಲ್ಲಿ 2016ರಲ್ಲಿ ಶುರುವಾದ ‘ಈಜಿಪ್ಷಿಯನ್ ನಾಲೆಡ್ಜ್ ಬ್ಯಾಂಕ್’ ರಾಷ್ಟ್ರೀಯ ಗುರುತಿನ ಸಂಖ್ಯೆಯ ಆಧಾರದಲ್ಲಿ ನಾಗರಿಕರಿಗೆ ಪ್ರವೇಶ ಕೊಟ್ಟಿತು. ಬ್ರಿಟನ್ 2014ರಲ್ಲಿ ಇನ್ನೂ ಅಗ್ಗದ ಉಪಾಯ ಹೂಡಿತು: ಪ್ರಕಾಶಕರ ಒಪ್ಪಿಗೆಯ ಮೇಲೆ ಊರ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂತು ಯಾರು ಬೇಕಾದರೂ ಲಕ್ಷಾಂತರ ಲೇಖನಗಳನ್ನು ಓದಬಹುದು. ಲೇಖನ ಮನೆಗೆ ಒಯ್ಯುವಂತಿಲ್ಲ, ಕೂತು ಓದಲು ಅಡ್ಡಿಯಿಲ್ಲ.

ರಾಯಚೂರು ಸೀಮೆಗೆ ಹೊಂದುವುದು ಬ್ರಿಟನ್ನಿನ ಮಾದರಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ರಾಯಚೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ದೇವದುರ್ಗ ಮತ್ತು ಮಾನ್ವಿಯ ಗ್ರಂಥಾಲಯಗಳಲ್ಲಿ ಒಂದೊಂದು ಕಂಪ್ಯೂಟರಿಗೆ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ಯ ಪ್ರವೇಶ ಕೊಟ್ಟರೆ ಆಯಿತು, ಯೋಜನೆಯ ಮುಂದಿನ ಹಂತಕ್ಕೆ ಇಂಥ ಮೂರು ಊರುಗಳೇ ಸರಿಯಾದ ಪರೀಕ್ಷೆ. ಎರಡನೆಯ ಕೆಲಸ ವಿಶ್ವವಿದ್ಯಾಲಯಗಳದ್ದು. ಹಲವು ವಿಶ್ವವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಅನುಮತಿ ಪಡೆದು ಹೊರಗಿನವರು ಕೂತು ಓದುವ ಪದ್ಧತಿ ಇದೆ. ಅದು ಅಧಿಕಾರಿಯೊಬ್ಬರ ಕೃಪೆಯಾಗಿ ಉಳಿಯದೆ, ರಾಯಚೂರು, ಯಾದಗಿರಿ ಎರಡೂ ಜಿಲ್ಲೆಗಳ ಪದವೀಧರರಿಗೆ ಚಿಕ್ಕ ಠೇವಣಿಯ ಮೇಲೆ ಸಿಗುವ ವಾರ್ಷಿಕ ಸದಸ್ಯತ್ವವಾಗಬೇಕು. ಕೃಷಿ ವಿಶ್ವವಿದ್ಯಾಲಯದಲ್ಲೂ ಯರಗೇರಾದಲ್ಲೂ ಕುಲಸಚಿವರ ಒಂದು ಸುತ್ತೋಲೆ ಇದಕ್ಕೆ ಸಾಕು. ಮೂರನೆಯದು, ‘ನೋ ಡ್ಯೂ’ ಚೀಟಿಗೆ ಸಹಿ ಹಾಕುವಾಗಲೇ ಗ್ರಂಥಪಾಲಕರು ವಿದ್ಯಾರ್ಥಿಯ ಕೈಗೆ ಒಂದು ಪುಟ ಕೊಡಬೇಕು: ಶೋಧಗಂಗಾ, ಕೃಷಿಕೋಶ್, ಜೆಸ್ಟೋರ್, ಕನ್ನಡ ಪುಸ್ತಕಗಳ ತಾಣಗಳು, ಜಿಲ್ಲಾ ಗ್ರಂಥಾಲಯದ ಸದಸ್ಯತ್ವದ ಅರ್ಜಿ.

ಓದುಗರು ಮಾಡಬೇಕಾದ್ದೂ ಒಂದಿದೆ. ಬೇಕಾದ ಪುಸ್ತಕ, ನಿಯತಕಾಲಿಕಗಳ ಬೇಡಿಕೆಯನ್ನು ಊರ ಗ್ರಂಥಾಲಯಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬೇಡಿಕೆಯ ದಾಖಲೆ ಇಲ್ಲದ ಕಡೆ ‘ಇಲ್ಲಿ ಕೇಳುವವರಿಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಮೇಲಿನ ಮೂರು ಕೆಲಸಗಳಲ್ಲಿ ಮೊದಲನೆಯದಕ್ಕೆ ದೆಹಲಿಯ ಒಪ್ಪಿಗೆ ಬೇಕು. ಉಳಿದ ಎರಡನ್ನು ಈ ಶೈಕ್ಷಣಿಕ ವರ್ಷದಲ್ಲೇ ರಾಯಚೂರಿನಲ್ಲಿ ಮಾಡಿ ಮುಗಿಸಬಹುದು.